ಎಡ ಹುರಿಯ ಬುಟ್ಟಿ

ನಮ್ಮ ಕೆಲಸದ ಕೋಣೆಯಲ್ಲಿ ಎರಡು ಬುಟ್ಟಿಗಳಿವೆ. ಕಿಟಕಿಯ ಎಡಕ್ಕೊಂದು, ಬಲಕ್ಕೊಂದು. ಒಂದರಲ್ಲಿ ಇರುವುದನ್ನು ಇನ್ನೊಂದಕ್ಕೆ ಹಾಕಿದವರನ್ನು ನಾನು ಈವರೆಗೆ ಕ್ಷಮಿಸಿದ್ದಿಲ್ಲ. ಒಮ್ಮೆ ನಮ್ಮ ಯಜಮಾನರು ಕೋಣೆ ಚೊಕ್ಕಟ ಮಾಡುವ ಉತ್ಸಾಹದಲ್ಲಿ ಎರಡನ್ನೂ ಒಂದೇ ಕಡೆ ಸುರಿದು, “ಎಲ್ಲ ಒಂದೇ ದಾರ ತಾನೇ?” ಎಂದರು. ಆ ದಿನ ಅವರಿಗೆ ಹೊತ್ತುಹೊತ್ತಿಗೆ ಊಟ ಸಿಕ್ಕಿತು, ಮಾತು ಸಿಕ್ಕಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರೆ. ಸುಳ್ಳು. ನನ್ನದು ಅದಕ್ಕೂ ಸ್ವಲ್ಪ ಕೆಳಗೆ, ನಾಲಿಗೆಯ ಮೇಲಿದೆ.

ಮೊದಲನೆಯದಾಗಿ ಅದು ದಾರವಲ್ಲ, ಹುರಿ. ಕಾಗದದ ಹುರಿ. ತೆಳ್ಳಗಿದ್ದರೂ ಸುಲಭಕ್ಕೆ ಹರಿಯದ ಕಾಗದವನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಸೀಳಿ, ಒದ್ದೆ ಬಟ್ಟೆಯ ಮಡಿಕೆಯೊಳಗೆ ಸ್ವಲ್ಪ ಹೊತ್ತು ಇಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದರೆ ಒಂದು ಎಳೆಯಾಗುತ್ತದೆ. ಅಂಥ ಎರಡು ಎಳೆಗಳನ್ನು ಸೇರಿಸಿ ಮತ್ತೆ ಹೊಸೆದರೆ ಹುರಿ. ಪಟ್ಟಿ ಎರಡು ಮೊಳ ಉದ್ದವಿರುತ್ತದೆ. ಎಳೆಗೆ ಮಾತ್ರ ಉದ್ದದ ಮಿತಿಯಿಲ್ಲ. ಪಟ್ಟಿ ಮುಗಿಯಲು ನಾಲ್ಕು ಬೆರಳು ಬಾಕಿ ಇರುವಾಗ ಮುಂದಿನ ಪಟ್ಟಿಯ ಮೂಲೆಯನ್ನು ಅದರೊಳಗೆ ಸೇರಿಸಿಬಿಟ್ಟರೆ ಎಳೆ ಹಾಗೆಯೇ ಮುಂದುವರಿಯುತ್ತದೆ. ಸೇರಿಸದಿದ್ದರೆ ಎಳೆ ಮುಗಿಯಿತು, ಗಂಟು ಹಾಕಿ ಏಳಬಹುದು. ನಡುವೆ ಮಾತ್ರ ಕೈಬಿಡುವಂತಿಲ್ಲ, ಬಿಟ್ಟರೆ ಹೊಸೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಬಾಗಿಲು ತಟ್ಟಿದವರು, ಫೋನು ಮಾಡಿದವರು ಎಲ್ಲರೂ ಕಾಯುತ್ತಾರೆ. ಹಾಲು ಮಾತ್ರ ಒಲೆಯ ಮೇಲೆ ಕಾಯುತ್ತದೆಯೇ ಹೊರತು ನಮಗಾಗಿ ಕಾಯುವುದಿಲ್ಲ. ಎಷ್ಟು ಸಲ ಉಕ್ಕಿ ಒಲೆ ಆರಿಸಿದೆಯೋ ಲೆಕ್ಕವಿಲ್ಲ.

ಈ ಕೆಲಸ ಶುರು ಮಾಡಿದ್ದು ನಾನು ಮತ್ತು ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ವಾರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಭಾವನವರು ತೀರಿಕೊಂಡು ಎಂಟು ವರ್ಷವಾಯಿತು. ಮಕ್ಕಳಿಲ್ಲ. ಅವರಿದ್ದಾಗಲೂ ಆಮೇಲೂ ಅಕ್ಕ ನಮ್ಮ ಜೊತೆಯೇ ಇದ್ದಾರೆ. ವಾರಗಿತ್ತಿಯರಿಬ್ಬರು ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಬೆಂದು, ಒಂದೇ ವ್ಯಾಪಾರ ಮಾಡಿ, ಇನ್ನೂ ಒಬ್ಬರನ್ನೊಬ್ಬರು ಮಾತಾಡಿಸುತ್ತೇವೆ ಎಂದರೆ ನೆಂಟರು ನಂಬುವುದಿಲ್ಲ. ನಮ್ಮಿಬ್ಬರಲ್ಲಿ ಯಾರೋ ಒಬ್ಬರು ನಾಟಕ ಮಾಡುತ್ತಿದ್ದಾರೆ ಎಂದೇ ಅವರ ಗುಮಾನಿ.

ಮೊದಲ ವಾರ ನಾವೂ ಮಾತು ಬಿಟ್ಟಿದ್ದು ನಿಜ. ನಾನು ಹೊಸೆದ ಎಳೆಯನ್ನು ಅಕ್ಕ ಹೊಸೆದ ಎಳೆಯ ಜೊತೆ ಸೇರಿಸಿದರೆ ಹುರಿ ನಿಲ್ಲುತ್ತಲೇ ಇರಲಿಲ್ಲ. ಕೈಬಿಟ್ಟ ಕೂಡಲೇ ಒಂದು ಎಳೆ ಬಿಚ್ಚಿಕೊಂಡು ಸಡಿಲವಾಗುತ್ತಿತ್ತು, ಇನ್ನೊಂದು ಬಿಗಿದುಕೊಂಡು ಮುರುಟುತ್ತಿತ್ತು. ನಿಮ್ಮ ಹೊಸೆತ ಸಡಿಲ ಎಂದು ನಾನು. ನಿನ್ನದೇ ಸರಿಯಿಲ್ಲ ಎಂದು ಅವರು. ಮೂರು ದಿನ ಮುಖ ಊದಿಸಿಕೊಂಡು ಬೆನ್ನಿಗೆ ಬೆನ್ನು ಹಾಕಿ ಹೊಸೆದೆವು. ನಾಲ್ಕನೆಯ ದಿನ ನಮ್ಮ ಯಜಮಾನರು, ವಾರಕ್ಕೆ ಒಂಬತ್ತು ಮಾತಾಡುವ ಮನುಷ್ಯ, ಬಾಗಿಲಲ್ಲಿ ನಿಂತು ನೋಡಿ, “ಅತ್ತಿಗೆ, ನೀವು ಎಡಗೈಯಲ್ಲಿ ಹೊಸೀತಿದ್ದೀರಲ್ಲ?” ಎಂದರು.

ಅಕ್ಕ ಎಡಚಿ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಳೆಗೂ ಗೊತ್ತಾಗುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನನ್ನ ಎಳೆ ಒಂದು ಕಡೆಗೆ ತಿರುಗಿದರೆ ಅವರದು ಅದಕ್ಕೆ ತದ್ವಿರುದ್ಧ. ನನ್ನದು ನನ್ನದರ ಜೊತೆ, ಅವರದು ಅವರದರ ಜೊತೆ ಸೇರಿದರೆ ಮಾತ್ರ ಹುರಿ ನಿಲ್ಲುತ್ತದೆ. ಅಕ್ಕ ಎರಡೂ ಎಳೆಗಳನ್ನು ಎತ್ತಿ ನೋಡಿ, “ನಾನು ಎಡಚಿ, ನೀನು ಎಡವಟ್ಟು. ಒಳ್ಳೇ ಜೋಡಿ ಕಣೇ ಸಿಡುಕಿ” ಎಂದು ನಕ್ಕರು. ಅಂದಿನಿಂದ ನನ್ನ ಹೆಸರು ಸಿಡುಕಿ, ಮತ್ತು ಅಂದಿನಿಂದ ಎರಡು ಬುಟ್ಟಿ. ಎಡ ಹುರಿ, ಬಲ ಹುರಿ.

ನಮಗೆ ಹೆಸರು ತಂದದ್ದೂ ಅದೇ ಎಡವಟ್ಟು. ಬುಟ್ಟಿ ನೇಯುವಾಗ ಒಂದು ಸುತ್ತು ಎಡ ಹುರಿ, ಒಂದು ಸುತ್ತು ಬಲ ಹುರಿ ಹಾಕುತ್ತ ಹೋದರೆ ಇದರ ಗೆರೆ ಹೀಗೆ ವಾಲುತ್ತದೆ, ಅದರ ಗೆರೆ ಹಾಗೆ. ಎರಡೂ ಸೇರುವಲ್ಲಿ ಹಕ್ಕಿಯ ಗರಿಯ ಹಾಗೆ ಕಾಣುತ್ತದೆ. ಗರಿ ಬುಟ್ಟಿ ಎಂದು ನಾವೇ ಹೆಸರಿಟ್ಟೆವು. ಬಣ್ಣವಿಲ್ಲ, ಬರೀ ಕಾಗದದ ಬಿಳಿ. ಬೆಳಕು ಅಡ್ಡ ಬಿದ್ದಾಗ ಮಾತ್ರ ಗರಿ ಏಳುತ್ತದೆ. ಬಲ ಹುರಿಯ ಬುಟ್ಟಿಯನ್ನು ಯಾರು ಬೇಕಾದರೂ ಮಾಡಬಹುದು. ಗರಿ ಬುಟ್ಟಿಗೆ ಅಕ್ಕನ ಎಡಗೈಯೇ ಬೇಕು.

ಆ ಎಡಗೈ ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕಾಫಿ ಲೋಟ ಎತ್ತಲು ಹೋಗಿ ಎತ್ತಲಾಗದೆ ಉಳಿಯಿತು. ಬಾಯಿ ಸ್ವಲ್ಪ ಸೊಟ್ಟಗಾಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಬಾಯಿ ಸರಿಹೋಯಿತು, ಕಾಲು ಮುಕ್ಕಾಲು ಪಾಲು ಸರಿಹೋಯಿತು, ಕೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಭುಜದಿಂದ ಅಲುಗಾಡಿಸಬಹುದು, ತಳ್ಳಬಹುದು, ಬೆರಳು ಹಿಡಿಯುವುದಿಲ್ಲ. ಡಾಕ್ಟರು, “ಆ ಕೈಗೂ ಏನಾದರೂ ಕೆಲಸ ಕೊಡ್ತಾ ಇರಿ, ಇಲ್ದಿದ್ರೆ ಮರೆತುಬಿಡತ್ತೆ” ಎಂದರು. ಮನೆಗೆ ಬಂದ ದಿನ ಅಕ್ಕ ತಾವೇ ಆ ಕೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, “ನೋಡೇ, ಕೈಯೇ ಕೈಕೊಡ್ತು” ಎಂದು ನಕ್ಕರು. ಆಮೇಲೆ ಬಹಳ ದಿನ ಅವರು ನಕ್ಕಿದ್ದನ್ನು ನಾನು ನೋಡಲಿಲ್ಲ.

ಹುರಿದುಂಬಿಸುವುದು ಎಂಬ ಮಾತಿದೆಯಲ್ಲ, ಅದರಲ್ಲಿ ನಾನು ಬಹಳ ಹಿಂದೆ. ಇಡೀ ದಿನ ಹುರಿಯ ಜೊತೆಗೇ ಬದುಕಿದರೂ ಒಬ್ಬರಿಗೆ ನಾಲ್ಕು ಧೈರ್ಯದ ಮಾತು ಹೇಳಲು ನನಗೆ ಬರುವುದಿಲ್ಲ. “ವ್ಯಾಯಾಮ ಮಾಡಿದ್ರಾ? ಇಲ್ವಾ? ಇನ್ಯಾವಾಗ ಮಾಡ್ತೀರಾ?” ಎಂದು ರೇಗುವುದಷ್ಟೇ ಬರುತ್ತದೆ. ಅಕ್ಕ ಮಾಡುತ್ತಿದ್ದರು. ಗೋಡೆಯ ಮೇಲೆ ಅಂಗೈ ಇಟ್ಟು ಮೇಲೆ ತಳ್ಳುವುದು, ಕೆಳಗೆ ಎಳೆಯುವುದು. ಆಮೇಲೆ ಬಂದು ಕಿಟಕಿಯ ಹತ್ತಿರ ಕೂತು ಎಡಗಡೆಯ ಬುಟ್ಟಿಯನ್ನು ನೋಡುತ್ತಿದ್ದರು.

ಬುಟ್ಟಿ ಇಳಿಯುತ್ತಿತ್ತು. ಅಕ್ಕ ಕಾಯಿಲೆ ಬೀಳುವ ಮೊದಲು ಹೊಸೆದಿಟ್ಟ ಉಂಡೆಗಳು ಅದರಲ್ಲಿದ್ದವು, ನಾನು ನೇಯುತ್ತ ನೇಯುತ್ತ ಒಂದೊಂದೇ ತೆಗೆಯುತ್ತಿದ್ದೆ. ಅಷ್ಟರಲ್ಲಿ ಕನ್ನಡಕದಮ್ಮ ಬಂದರು. ಅವರು ನಮ್ಮ ಬುಟ್ಟಿಗಳನ್ನು ಮಾರುವ ಅಂಗಡಿಯ ಒಡತಿ. ಕತ್ತಿಗೆ ನೇತುಹಾಕಿಕೊಂಡ ಕನ್ನಡಕವನ್ನು ಊರೆಲ್ಲ ಹುಡುಕುವುದರಿಂದ ಆ ಹೆಸರು. “ಅಂಗಡಿ ಮುಂದಿನ ಕಿಟಕೀಲಿ ಇಡೋಕೆ ಹನ್ನೆರಡು ಗರಿ ಬುಟ್ಟಿ ಬೇಕು, ಮುಚ್ಚಳದ್ದು. ಅವಸರ ಇಲ್ಲ, ಆದ್ರೆ ಬೇಗ ಬೇಕು” ಎಂದರು. ನಾನು ಅಕ್ಕನ ಎದುರಿಗೇ, ಹಿಂದುಮುಂದು ನೋಡದೆ, ಆಗಲಿ ಎಂದುಬಿಟ್ಟೆ. ಎಡ ಬುಟ್ಟಿಯಲ್ಲಿ ಉಳಿದದ್ದು ನಾಲ್ಕಕ್ಕೆ ಸಾಲುತ್ತಿತ್ತು.

ಮೂರು ದಿನವಾದ ಮೇಲೆ ಮಧ್ಯಾಹ್ನದ ಊಟಕ್ಕೆ ಕೂತಾಗ ಅಕ್ಕ ಹೇಳಿದರು. “ಮುಂದಿನ ತಿಂಗಳು ಮೊದಲನೇ ಭಾನುವಾರ ತಮ್ಮ ಬರ್ತಾನೆ. ಅವನ ಮನೇಲೇ ಇರ್ತೀನಿ ಇನ್ಮೇಲೆ.”

ಅಕ್ಕನ ತಮ್ಮನಿಗೆ ಸೈಕಲ್ ರಿಪೇರಿ ಅಂಗಡಿಯಿದೆ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

“ಯಾಕೆ? ಇಲ್ಲಿ ಏನು ಕಡಿಮೆಯಾಗಿದೆ?” ಎಂದೆ.

“ಏನೂ ಕಡಿಮೆ ಇಲ್ಲ. ಆ ಬುಟ್ಟಿ ಖಾಲಿಯಾಗ್ತಾ ಇದೆ. ಅದರ ತಳ ಕಂಡ ದಿನ, ಖಾಲಿ ಕೈ ಇಟ್ಕೊಂಡು ಅದರ ಮುಂದೆ ಕೂರೋಕೆ ನನ್ನಿಂದ ಆಗಲ್ಲ. ಬೇರೆ ಮನೇಲಾದ್ರೆ ಬುಟ್ಟಿ ಇರಲ್ಲ.” ಇಷ್ಟು ಹೇಳಿ ಅಕ್ಕ ಬಲಗೈಯಲ್ಲಿ ಚಮಚ ಹಿಡಿದು ಊಟ ಮುಂದುವರಿಸಿದರು. ನನ್ನ ಯಜಮಾನರು ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಈ ಮನೆಗೆ ಬಂದಾಗ ಹತ್ತೊಂಬತ್ತು ವರ್ಷ. ಅನ್ನ ಬಸಿಯಲು ಬರುತ್ತಿರಲಿಲ್ಲ, ಬೈಯಲು ಚೆನ್ನಾಗಿ ಬರುತ್ತಿತ್ತು. ಎರಡನ್ನೂ ಸಹಿಸಿಕೊಂಡು ಮೊದಲನೆಯದನ್ನು ಕಲಿಸಿದವರು ಇವರು. ಇವರಿಲ್ಲದ ಕಿಟಕಿಯ ಪಕ್ಕ ನಾನೊಬ್ಬಳೇ ಹೇಗೆ ಕೂರುವುದು? ಇದನ್ನು ಬಾಯಿಬಿಟ್ಟು ಹೇಳಬಹುದಿತ್ತು. ನಾನು ಹೇಳಿದ್ದು, “ಸಾರು ಆರ್ತಿದೆ, ಬೇಗ ಊಟ ಮಾಡಿ.”

ಕೈ ತೊಳೆಯುವ ಹೊತ್ತಿಗೆ ನನ್ನ ತಲೆಯಲ್ಲಿ ಲೆಕ್ಕ ಸಿದ್ಧವಾಗಿತ್ತು. ಬುಟ್ಟಿ ಖಾಲಿಯಾದರೆ ತಾನೇ ಅಕ್ಕ ಹೋಗುವುದು? ಖಾಲಿಯಾಗದಿದ್ದರೆ? ಬಲಗೈಯಲ್ಲೇ ಹಿಂದುಮುಂದಾಗಿ ಹೊಸೆದರೆ ಬಲ ಸಾಲದೆ ಎಳೆ ಜೊಳ್ಳಾಗುತ್ತದೆ, ಅದನ್ನು ಮೊದಲೇ ನೋಡಿದ್ದೆ. ಎಡಗೈಯೇ ಆಗಬೇಕು. ನನಗೂ ಒಂದು ಎಡಗೈ ಇತ್ತು. ನಲವತ್ತು ವರ್ಷದಿಂದ ಸುಮ್ಮನೆ ಬಲಗೈಯ ಹಿಂದೆ ಹಿಂದೆ ತಿರುಗುತ್ತಿತ್ತು.

ಮಾರನೆಯ ದಿನದಿಂದ, ಮಧ್ಯಾಹ್ನ ಅಕ್ಕ ಒಂದು ಗಂಟೆ ಮಲಗುವಾಗ, ನಾನು ಹಿತ್ತಲ ಕಡೆಯ ಕಾಗದದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ನಮ್ಮ ಯಜಮಾನರು ಉಕ್ಕಿನ ಸ್ಕೇಲು, ಬ್ಲೇಡು ಇಟ್ಟುಕೊಂಡು ಪಟ್ಟಿ ಸೀಳುತ್ತಿರುತ್ತಾರೆ. ಅವರಿಗೆ ಬಾಯಿಬಿಡಬೇಡಿ ಎಂದು ಹೇಳುವ ಅಗತ್ಯವೇ ಇರಲಿಲ್ಲ. ಎಡಗೈ ಮೊದಲ ವಾರ ಪಟ್ಟಿಗಳನ್ನು ಬರೀ ಹರಿದುಹಾಕಿತು. ಎರಡನೆಯ ವಾರ ಏನೋ ಒಂದು ಎಳೆಯಂಥದ್ದು ಬಂತು. ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಕಡ್ಡಿ, ನಡುನಡುವೆ ಗಂಟು ಗಂಟು. ಬೆರಳ ತುದಿ ಸುಲಿದುಹೋಯಿತು. ಎರಡು ಕೈಗಳೂ ಜಗಳಕ್ಕೆ ಬಿದ್ದವರ ಹಾಗೆ ಒಂದನ್ನೊಂದು ಎಳೆದಾಡುತ್ತಿದ್ದವು. ಆದರೂ ದಿನಕ್ಕೊಂದು ಸಣ್ಣ ಉಂಡೆಯಾಗುತ್ತಿತ್ತು. ಅಕ್ಕ ಏಳುವ ಮೊದಲು ಅದನ್ನು ಎಡ ಬುಟ್ಟಿಯ ತಳದಲ್ಲಿ ತುರುಕಿ, ಅವರ ಚಂದದ ಉಂಡೆಗಳನ್ನು ಮೇಲಕ್ಕೆ ಜೋಡಿಸಿಡುತ್ತಿದ್ದೆ.

ನಮ್ಮ ಯಜಮಾನರು ಒಂದು ದಿನ ತಮ್ಮ ಆ ವಾರದ ಮಾತುಗಳಲ್ಲಿ ನಾಲ್ಕನ್ನು ನನಗೆ ಖರ್ಚು ಮಾಡಿದರು. “ಕಳ್ಳರು ತೆಗೀತಾರೆ, ನೀನು ಇಡ್ತಿದ್ದೀಯಲ್ಲ!”

“ನಿಮ್ಮ ಕೆಲಸ ನೋಡಿ” ಎಂದೆ. ಆದರೆ ಆ ದಿನದಿಂದ ಎಡಗೈಗೆಂದು ಅವರು ಪಟ್ಟಿಗಳನ್ನು ಸ್ವಲ್ಪ ಅಗಲವಾಗಿ ಸೀಳತೊಡಗಿದ್ದು ನನ್ನ ಕಣ್ಣಿಗೆ ಬಿತ್ತು.

ಮೂರು ವಾರ ಹೀಗೆ ನಡೆಯಿತು. ಗರಿ ಬುಟ್ಟಿಗಳು ಮೂರಾದವು. ಎಡ ಬುಟ್ಟಿ ಮಾತ್ರ ಅರ್ಧಕ್ಕಿಂತ ಕೆಳಗಿಳಿಯಲಿಲ್ಲ. ಅಕ್ಕ ನೋಡಿಯೂ ಏನೂ ಅನ್ನಲಿಲ್ಲ. ಅವರಿಗೆ ಸಮಾಧಾನವಾಗಿದೆ, ಉಳಿದುಕೊಳ್ಳುತ್ತಾರೆ ಎಂದು ನಾನು ಒಳಗೊಳಗೇ ಬೀಗಿದೆ. ಶನಿವಾರ ಬೆಳಿಗ್ಗೆ ಮುಂಬಾಗಿಲ ಪಕ್ಕದಲ್ಲಿ ಅವರ ನೀಲಿ ಚೀಲ, ಜಿಪ್ಪು ಎಳೆದು, ತಯಾರಾಗಿ ಕೂತಿತ್ತು.

ನಾನು ಕೆಲಸದ ಕೋಣೆಗೆ ನುಗ್ಗಿದೆ. ಅಕ್ಕ ಕಿಟಕಿಯ ಬಳಿ ನೆಲದ ಮೇಲೆ ಕೂತಿದ್ದರು. ಎಡ ಬುಟ್ಟಿ ಮಗುಚಿ ಬಿದ್ದಿತ್ತು. ಸೆರಗಿನ ತುಂಬ ನನ್ನ ಗಂಟು ಗಂಟಿನ ಉಂಡೆಗಳು.

“ಯಾವಾಗ ಕಲಿತೆ?” ಎಂದರು. ದನಿ ಮೆತ್ತಗಿತ್ತು.

“ಮಧ್ಯಾಹ್ನ.”

“ಒಳ್ಳೇದಾಯ್ತು. ನಾನು ಹೋದ್ಮೇಲೆ ಗರಿ ಬುಟ್ಟಿ ನಿಂತುಹೋಗತ್ತೆ ಅಂತ ಸಂಕಟ ಆಗ್ತಿತ್ತು. ನನ್ನ ಕೈ ಇಲ್ದಿದ್ರೂ ನಡೆಯತ್ತೆ ಅಂತ ಈಗ ಗೊತ್ತಾಯ್ತಲ್ಲ. ನಿಶ್ಚಿಂತೆಯಾಗಿ ಹೋಗ್ತೀನಿ.” ಮುಖ ಕಿಟಕಿಯ ಕಡೆಗೆ ತಿರುಗಿತ್ತು.

ಆಗ ನನಗೆ ಬುದ್ಧಿ ಬಂತು. ಇಡೀ ಮೂರು ವಾರ ನಾನು ಮಾಡಿದ್ದು ಏನು? ಅಕ್ಕನನ್ನು ಉಳಿಸಿಕೊಳ್ಳಲು ಹೋಗಿ ಅವರ ಜಾಗವನ್ನೇ ತುಂಬಿಬಿಟ್ಟಿದ್ದೆ. ಬುದ್ಧಿ ಬಂದರೆ ಸುಮ್ಮನಾಗುವವರು ಇದ್ದಾರೆ. ನನಗೆ ಸಿಟ್ಟು ಬಂತು.

“ಹೋಗಲಿ ಅಂತ ಕಲಿತ್ನಾ? ಹೋಗಬಾರದು ಅಂತ ಕಲಿತದ್ದು! ಬುಟ್ಟಿ ತುಂಬಿದ್ರೆ ಹೋಗಲ್ಲ ಅಂತ ನಾನಿಲ್ಲಿ ಬೆರಳು ಸುಲಿಸಿಕೊಂಡು ಕೂತ್ರೆ, ಹೊರಗೆ ಚೀಲ ಕಟ್ಟಿಟ್ಟಿದ್ದೀಯ! ಬುಟ್ಟಿಗೋಸ್ಕರ ಇದ್ಯಾ ನೀನು ಇಷ್ಟು ವರ್ಷ? ನಾನು ಬುಟ್ಟಿನಾ ನಿನಗೆ? ನೀನು ಹೊಸೆದ್ರೂ ಅಷ್ಟೇ, ಸುಮ್ಮನೆ ಕೂತ್ರೂ ಅಷ್ಟೇ, ನನ್ನ ಪಕ್ಕ ಇರಬೇಕು. ನೀನಿಲ್ದೆ ನನಗಾಗಲ್ಲ!”

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೇ ಬಿತ್ತು. ಇಷ್ಟು ವರ್ಷ ‘ನೀವು’ ಎನ್ನುತ್ತಿದ್ದವಳು ‘ನೀನು’ ಎಂದಿದ್ದೆ. ನಾಲಿಗೆ ಕಚ್ಚಿಕೊಂಡು ನಿಂತೆ. ಅಕ್ಕ ಸೆರಗಿನಲ್ಲಿದ್ದ ಒಂದು ಉಂಡೆಯ ತುದಿ ಹಿಡಿದು, ತಲೆ ತಗ್ಗಿಸಿ, ಬಲಗೈ ಬೆರಳುಗಳ ನಡುವೆ ಅದನ್ನು ಮೆಲ್ಲಗೆ ಜಾರಿಸುತ್ತ ಹೋದರು. ಒಂದು ಮೊಳ. ಎರಡು ಮೊಳ. ಹಿಂದಕ್ಕೆ ಬಂದರು. ಬೆಳಕಿಗೆ ಹಿಡಿದರು. ಇನ್ನೊಂದು ಉಂಡೆ ತೆಗೆದುಕೊಂಡರು. ಆಮೇಲೆ ಅವರ ಭುಜ ಅಲುಗತೊಡಗಿತು.

ಅಳುತ್ತಿದ್ದಾರೆ ಎಂದುಕೊಂಡು ನಾನು ಪಕ್ಕದಲ್ಲಿ ಕುಸಿದೆ. “ಅಕ್ಕ, ತಪ್ಪಾಯ್ತು, ಬಾಯಿ ತಪ್ಪಿ ಬಂತು...”

“ಸಿಡುಕಿ,” ಎಂದು ಅವರು ಉಸಿರು ಎಳೆದುಕೊಂಡರು. ಕಣ್ಣಲ್ಲಿ ನೀರು. “ಇದು... ಇದು ಬಲ ಹುರಿ ಕಣೇ!”

“ಏನು?”

“ಎಲ್ಲಾ ಬಲ ಹುರಿ! ಎಡಗೈಯಲ್ಲಿ ಕೂತು ಬಲ ಹುರಿ ಹೊಸೆದಿದ್ದೀಯ!” ಎಂದವರೇ ಗೋಡೆಗೆ ಒರಗಿ ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದರು.

ನಾನು ಕಿತ್ತುಕೊಂಡು ನೋಡಿದೆ. ಗೆರೆ ನನ್ನ ಬುಟ್ಟಿಯ ಹುರಿಯ ಹಾಗೆಯೇ ವಾಲಿತ್ತು. ಮೂರು ವಾರ! ಗಂಟು ನೋಡಿದ್ದೆ, ದಪ್ಪ ನೋಡಿದ್ದೆ, ಗೆರೆ ಎತ್ತ ವಾಲಿದೆ ಎಂದು ಒಂದು ದಿನವೂ ನೋಡಿರಲಿಲ್ಲ. ಎಡಗೈ ಮಾಡಿದ್ದು ಎಡ ಹುರಿಯಲ್ಲದೆ ಇನ್ನೇನಾದೀತು ಎಂಬ ಧೈರ್ಯ. ನೇಯಲು ತೆಗೆದಿದ್ದರೆ ಒಂದೇ ಸುತ್ತಿಗೆ ಗೊತ್ತಾಗುತ್ತಿತ್ತು. ಆದರೆ ಮೇಲಿದ್ದ ಅಕ್ಕನ ಉಂಡೆಗಳನ್ನೇ ನಾನು ನೇಯುತ್ತಿದ್ದೆ. ಅವಮಾನಕ್ಕೆ ಕಿವಿ ಬಿಸಿಯಾಯಿತು. ಅಕ್ಕನ ನಗು ನಿಲ್ಲಲೇ ಇಲ್ಲ. ಯಜಮಾನರು ಬ್ಲೇಡು ಹಿಡಿದುಕೊಂಡೇ ಓಡಿಬಂದು, ನೆಲದ ಮೇಲೆ ಒಬ್ಬರು ನಗುವುದನ್ನೂ ಒಬ್ಬರು ಉರಿಯುವುದನ್ನೂ ನೋಡಿ, ಮನೆ ಸರಿಹೋಯಿತು ಎಂಬಂತೆ ವಾಪಸ್ಸು ಹೋದರು. ನಾಲ್ಕು ತಿಂಗಳ ಮೇಲೆ ಕೇಳಿದ ನಗು. ಕೊನೆಗೆ ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

“ಎಲ್ಲಿ, ಹೇಗೆ ಹೊಸೆದೆ ತೋರಿಸು” ಎಂದರು ಅಕ್ಕ, ಕಣ್ಣೊರೆಸಿಕೊಂಡು.

ಒಂದು ಪಟ್ಟಿ ಒದ್ದೆ ಮಾಡಿ ತೋರಿಸಿದೆ. ಅವರು ನಾಲ್ಕು ಸುತ್ತು ನೋಡಿದ್ದೇ ನನ್ನ ಹೆಬ್ಬೆರಳ ಮೇಲೆ ಚಟ್ಟನೆ ಹೊಡೆದರು. “ಒಳಕ್ಕೆ ಉರುಳಿಸ್ತಿದ್ದೀಯ. ಹೊರಕ್ಕೆ ಉರುಳಬೇಕು. ಒಳಕ್ಕೆ ಉರುಳಿದ್ರೆ ಬೆರಳಿಗೆ ಬಲ ಇರಲ್ಲ, ಅದಕ್ಕೇ ಗಂಟು ಗಂಟು.”

ಹೊರಕ್ಕೆ ಉರುಳಿಸಿದೆ. ಎರಡು ಸುತ್ತು ಸರಿ ಬಂತು, ಮೂರನೆಯದಕ್ಕೆ ತನ್ನಿಂದ ತಾನೇ ಒಳಕ್ಕೆ. ಮತ್ತೆ ಪ್ರಯತ್ನಿಸಿದೆ. ಮತ್ತೆ ಒಳಕ್ಕೆ. ಅಕ್ಕ ಈಗ ನನ್ನ ಹೆಬ್ಬೆರಳನ್ನು ಬಿಟ್ಟು ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದಿದ್ದ ನನ್ನ ಬಲಗೈಯನ್ನು ನೋಡುತ್ತಿದ್ದರು.

“ತಪ್ಪು ಎಡಗೈದಲ್ಲ. ಈ ಬಲಗೈದು. ತನಗೆ ಗೊತ್ತಿರೋ ಕಡೆಗೇ ಎಳ್ಕೊಳ್ತಿದೆ. ತೆಗಿ ಅದನ್ನ.”

“ತೆಗೆದ್ರೆ ಪಟ್ಟಿ ಹಿಡಿಯೋರು ಯಾರು?”

ಅಕ್ಕ ಗೋಡೆ ಹಿಡಿದು ಎದ್ದು, ಕೆಲಸದ ಬೆಂಚಿನ ಬಲತುದಿಯಲ್ಲಿ ಕೂತು, ಪಕ್ಕವನ್ನು ತಟ್ಟಿದರು. ನಾನು ಅವರ ಎಡಕ್ಕೆ, ಭುಜಕ್ಕೆ ಭುಜ ತಾಗಿಸಿ ಕೂತೆ. ಅವರ ಬಲಗೈ ಮುಂದೆ ಬಂದು ಪಟ್ಟಿಯ ಆ ತುದಿಯನ್ನು ಹಿಡಿಯಿತು. ಇಪ್ಪತ್ತೆರಡು ವರ್ಷ ಆ ಕೈ ಮಾಡಿದ್ದು ಅದೊಂದೇ: ಎಡಗೈ ಹೊಸೆಯುವಾಗ ಪಟ್ಟಿ ಹಿಡಿದು, ಬೇಕಾದಷ್ಟೇ ಬಿಟ್ಟುಕೊಡುವುದು.

“ಈಗ ಉರುಳಿಸು. ಹೊರಕ್ಕೆ.”

ಉರುಳಿಸಿದೆ. ಅವರ ಬೆರಳು ಕಾಗದವನ್ನು ಕೂದಲೆಳೆಯಷ್ಟು ಬಿಟ್ಟುಕೊಟ್ಟಿತು, ಹಿಡಿಯಿತು, ಮತ್ತೆ ಬಿಟ್ಟುಕೊಟ್ಟಿತು. ಯಾವಾಗ ಸಾಕು, ಯಾವಾಗ ಇನ್ನೊಂದು ಸುತ್ತು ಬೇಕು ಎಂಬುದು ಪಟ್ಟಿಯ ಮೂಲಕವೇ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಎಳೆ ಸಣ್ಣಗೆ, ಸಮವಾಗಿ, ಎಡಕ್ಕೆ ತಿರುಗಿಕೊಂಡು ನನ್ನ ಕಡೆ ಬರತೊಡಗಿತು. ನನ್ನದಲ್ಲ ಎಂದು ನೋಡಿದ ಕೂಡಲೇ ಹೇಳಬಹುದಿತ್ತು. ಪೂರ್ತಿ ಅಕ್ಕನದೂ ಅಲ್ಲ. ಇಬ್ಬರೂ ಸೇರಿ ಒಬ್ಬ ಎಡಚಿಯಾಗಿದ್ದೆವು.

“‘ನೀನು’ ಅಂದ್ಯಲ್ಲ ಆಗ,” ಎಂದರು ಅಕ್ಕ, ಪಟ್ಟಿಯಿಂದ ಕಣ್ಣೆತ್ತದೆ. “ಹಾಗೇ ಇರಲಿ. ಚೆನ್ನಾಗಿತ್ತು ಕೇಳೋಕೆ.”

ಸಂಜೆಯವರೆಗೆ ಕೂತೆವು. ನಾಳೆಯ ವಿಷಯ ಎತ್ತಲು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಅಕ್ಕ, “ಬೆರಳು ನೋಡು” ಎಂದರು. ನೀಲಿ ಚೀಲ ಬಾಗಿಲ ಪಕ್ಕದಲ್ಲಿ ಇದ್ದ ಹಾಗೆಯೇ ಇತ್ತು. ಓಡಾಡುವಾಗ ಬೇಕೆಂದೇ ಅದಕ್ಕೆ ಕಾಲು ತಾಗಿಸಿದೆ.

ಭಾನುವಾರ ತಿಂಡಿಯಾದ ಮೇಲೆ ಅಕ್ಕ ಹೊಸ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದರು. “ಅವನು ಬರೋವರೆಗೂ ಸುಮ್ಮನೆ ಯಾಕೆ ಕೂರೋದು,” ಎಂದು ಬೆಂಚಿನ ಬಲತುದಿಗೆ ಹೋಗಿ ಕೂತರು. ನಾನು ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಬ್ಬರ ನಡುವೆ ಬೆಂಚಿನ ಮೇಲಿಟ್ಟು ಎಡಕ್ಕೆ ಕೂತೆ.

ಎಳೆ ಮೂರು ಮಾರು ಆಗಿರಬಹುದು, ಹೊರಗೆ ಕಾರು ನಿಂತಿತು. ಅಕ್ಕನ ತಮ್ಮ ಒಳಗೆ ಬಂದ. ಯಾರದೋ ಕಾರು ಕೇಳಿ ತಂದಿದ್ದ, ಉಗುರಿನ ಸಂದಿಯ ಎಣ್ಣೆ ಕೂಡ ಹೋಗುವಷ್ಟು ಉಜ್ಜಿ ಕೈ ತೊಳೆದುಕೊಂಡಿದ್ದ. “ಅಕ್ಕಾ, ನಿನಗೆ ಅಂತ ಕಿಟಕಿ ಪಕ್ಕ ಮಂಚ ಹಾಕಿಸಿದ್ದೀನಿ. ಹೊರಡೋಣ್ವಾ?” ಎಂದ. ಆ ಮುಖ ನೋಡಿದರೆ ಬೈಯಲು ಒಂದು ಮಾತೂ ಸಿಗಲಿಲ್ಲ.

“ತಡಿಯೋ, ಈ ಎಳೆ ಮುಗೀಲಿ” ಎಂದರು ಅಕ್ಕ.

ಅವನು ಸ್ಟೂಲಿನ ಮೇಲೆ ಕೂತ. ನಮ್ಮ ಯಜಮಾನರು ಅವನಿಗೆ ನೀರು ಕೊಟ್ಟು ಬಾಗಿಲಿಗೆ ಒರಗಿ ನಿಂತರು. ನಾನು ಹೆಬ್ಬೆರಳು ಉರುಳಿಸುತ್ತಿದ್ದೆ. ಅಕ್ಕನ ಕೈಯಲ್ಲಿದ್ದ ಪಟ್ಟಿ ಒಂದು ಗೇಣು ಉಳಿದಿತ್ತು. ನಿಧಾನವಾಗಿ ಉರುಳಿಸಿದೆ. ಎ‌ಷ್ಟು ನಿಧಾನ ಮಾಡಿದರೂ ಪಟ್ಟಿ ಸವೆಯುವುದು ಸವೆಯುತ್ತದೆ. ಎಂಟು ಬೆರಳು. ಆರು. ಇರು ಎಂದು ಹೇಳಬೇಕೆನಿಸಿತು. ನಿನ್ನೆ ಕಿರುಚಿ ಹೇಳಿಯಾಗಿತ್ತು, ಇನ್ನು ಅವರೇ ಹೇಳಬೇಕು. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತೆ. ಐದು ಬೆರಳು. ನಾಲ್ಕು.

ನಮ್ಮಿಬ್ಬರ ನಡುವೆ ಏನೋ ಸರಿದ ಹಾಗಾಯಿತು. ಅಕ್ಕನ ತೊಡೆಯ ಮೇಲಿದ್ದ ಎಡಗೈ ಬೆಂಚಿನ ಮೇಲಕ್ಕೆ ಬಂದಿತ್ತು. ಭುಜದಿಂದ ತಳ್ಳಿಕೊಂಡು, ಮಡಚಲಾಗದ ಬೆರಳುಗಳನ್ನು ಚಾಚಿಕೊಂಡು, ಅದು ಒದ್ದೆ ಬಟ್ಟೆಯ ಮಡಿಕೆಯ ಮೇಲೆ ಬಿತ್ತು. ಅಂಗೈಯ ಅಂಚು ಮೇಲಿನ ಪಟ್ಟಿಗೆ ತಾಗಿತು. ಎಳೆಯಿತು. ಪಟ್ಟಿ ಒಂದಿಷ್ಟು ಬಂದು ಸಿಕ್ಕಿಕೊಂಡಿತು. ಮತ್ತೆ ಎಳೆಯಿತು. ನನ್ನ ಬಲಗೈ ಪಕ್ಕದಲ್ಲೇ ಬಿಡುವಾಗಿತ್ತು, ಸಹಾಯಕ್ಕೆ ಚಡಪಡಿಸುತ್ತಿತ್ತು. ನಾನು ಅದರ ಮೇಲೆ ಕೂತುಬಿಟ್ಟೆ. ಎಡಗೈ ಪಟ್ಟಿಯನ್ನು ಬೆಂಚಿನುದ್ದಕ್ಕೂ ಜಾರಿಸಿಕೊಂಡು, ನಿಂತು, ಮತ್ತೆ ಜಾರಿಸಿಕೊಂಡು, ಬಲಗೈಯ ಬೆರಳಿನ ತನಕ ತಂದು ಮುಟ್ಟಿಸಿತು. ಬಲಗೈ ಅದರ ಮೂಲೆಯನ್ನು ಹಿಡಿದು, ಮುಗಿಯುತ್ತಿದ್ದ ಪಟ್ಟಿಯೊಳಗೆ ಸೇರಿಸಿತು.

“ಉರುಳಿಸು” ಎಂದರು ಅಕ್ಕ.

ಕಣ್ಣು ಮಂಜಾಗಿ ನನಗೆ ಎಳೆ ಕಾಣುತ್ತಿರಲಿಲ್ಲ. ಹೊರಕ್ಕೆ ಉರುಳಿಸಿದೆ.

“ಅಕ್ಕಾ, ಇನ್ನೂ ಎಷ್ಟು ಹೊತ್ತಾಗತ್ತೆ?” ಎಂದ ತಮ್ಮ.

“ನೋಡ್ತಿದ್ದೀಯಲ್ಲ ಕಣೋ,” ಎಂದರು ಅಕ್ಕ, ತಲೆ ಎತ್ತದೆ. “ಕೈ ಖಾಲಿ ಇಲ್ಲ.”

ನಮ್ಮ ಯಜಮಾನರು ಹೊರಗೆ ಹೋಗಿ ನೀಲಿ ಚೀಲವನ್ನು ಎತ್ತಿ ತಂದರು. ಎಲ್ಲಿಡುವುದೆಂದು ಹೊಳೆಯದೆ ಎಡ ಬುಟ್ಟಿಯೊಳಗೇ ಇಟ್ಟುಬಿಟ್ಟರು. ನಾನು ಏನೂ ಅನ್ನಲಿಲ್ಲ.